ಮಾಟ ಎಂಬ ಮಾತು

ಆಡು ಎಂಬುದರಿಂದ ಆಟ, ನೋಡು ಎಂಬುದರಿಂದ ನೋಟ, ಕೂಡು ಎಂಬುದರಿಂದ ಕೂಟ. ಹಾಗೆಯೇ ಮಾಡು ಎಂಬ ಧಾತುವಿನಿಂದ ಮಾಟ. ವ್ಯಾಕರಣದ ಪ್ರಕಾರ ಇದೊಂದು ನಿರುಪದ್ರವಿಯಾದ ಭಾವನಾಮ: ಮಾಡುವಿಕೆ, ಮಾಡಿದ ಬಗೆ. ಮಾಡಿದ್ದು ಅಂದವಾಗಿದ್ದರೆ ಅದೇ ಸೊಬಗೂ ಆಯಿತು. ಮಾಟವಾದ ಮೂಗು, ಮಾಟವಾದ ಒಡವೆ ಎಂದು ಮೆಚ್ಚಿ ನುಡಿಯುವುದು ಕನ್ನಡದ ರೂಢಿ.

ಇಂಥ ಚೆಲುವಾದ ಪದಕ್ಕೆ ಅಭಿಚಾರದ ಅರ್ಥ ಅಂಟಿದ್ದು ಕನ್ನಡದ ವಿಲಕ್ಷಣವೇನೂ ಅಲ್ಲ. ತಮಿಳರು ಸೆಯ್‌ವಿನೈ ಎನ್ನುತ್ತಾರೆ. ಸೆಯ್ ಎಂದರೆ ಮಾಡು. ತೆಲುಗಿನ ಚೇತಬಡಿಯಲ್ಲಿಯೂ ಮಾಡುವುದೆಂಬ ಅರ್ಥದ ಚೇತ ಕೂತಿದೆ. ಸಂಸ್ಕೃತದ ಕೃತ್ಯಾ ಹುಟ್ಟಿದ್ದು ಕೃ ಧಾತುವಿನಿಂದ. ಎಲ್ಲೆಡೆಯೂ ಭಯಕ್ಕೆ ಮೂಲ ಮಂತ್ರವಲ್ಲ, 'ಮಾಡಿದವರು' ಇದ್ದಾರೆ ಎಂಬ ಎಣಿಕೆ.

ನಮ್ಮ ದಕ್ಷಿಣ ಬೆಂಗಳೂರನ್ನೇ ನೋಡಿ. ಬನಶಂಕರಿ ದೇವಾಲಯದಲ್ಲಿ ರಾಹುಕಾಲದ ಹೊತ್ತಿಗೆ ನಿಂಬೆಯ ಹೋಳಿನಲ್ಲಿ ದೀಪ ಹಚ್ಚುತ್ತಾರೆ, ಅದು ಹರಕೆ. ಜಯನಗರದ ಹೊಸ ಮನೆಯ ಮುಂದೆ ಬೂದುಗುಂಬಳ ತೂಗುತ್ತದೆ, ಅದು ದೃಷ್ಟಿಗೆ. ಅದೇ ನಿಂಬೆ ಕುಂಕುಮ ಮೆತ್ತಿಕೊಂಡು ನಮ್ಮ ಹೊಸ್ತಿಲಲ್ಲಿ ಬಿದ್ದಿದ್ದರೆ ಮಾತ್ರ ಮಾಟ! ವಸ್ತು ಒಂದೇ, ಕ್ರಿಯಾಪದ ಬೇರೆ. ದೃಷ್ಟಿ ಆಗುತ್ತದೆ, ಗಾಳಿ ಸೋಕುತ್ತದೆ. ಇವುಗಳನ್ನು ನಿವಾಳಿಸಿ ಚೆಲ್ಲಿದರೆ ಅಲ್ಲಿಗೆ ಮುಗಿಯಿತು. ಯಾರ ಮೇಲೂ ಹಗೆ ಉಳಿಯುವುದಿಲ್ಲ. ಮಾಟವಾದರೋ ತಾನಾಗಿ ಆಗುವುದಲ್ಲ. ಆಡುಮಾತಿನಲ್ಲಿ ಆ ನಾಮಪದವೂ ಉದುರಿಹೋಗಿ 'ಯಾರೋ ಮಾಡಿಸಿದ್ದಾರೆ' ಎಂಬುದಷ್ಟೇ ಉಳಿಯುತ್ತದೆ. ಏನನ್ನು ಎಂದು ಯಾರೂ ಕೇಳುವುದಿಲ್ಲ; ಯಾರು ಎಂದೇ ಎಲ್ಲರೂ ಕೇಳುತ್ತಾರೆ. ಮಗುವಿನ ಜ್ವರಕ್ಕೆ, ಅಂಗಡಿಯ ನಷ್ಟಕ್ಕೆ ಒಬ್ಬ ಕರ್ತೃ ಬೇಕಾಗುತ್ತಾನೆ. ಬೇಕಾಗುತ್ತಾಳೆ ಎನ್ನುವುದೇ ಸರಿ. ಮಾಟಗಾರ ಎಂಬ ರೂಪವಿದ್ದರೂ ಬೈಗುಳಾಗಿ ನಾಲಗೆಗೆ ಸುಲಭವಾಗಿ ಬರುವುದು ಮಾಟಗಾತಿ. ಆ ಹೆಸರು ಬೀಳುವುದು ಎಷ್ಟೋ ವೇಳೆ ಆಸ್ತಿಯ ಪಾಲಿರುವ ನಾದಿನಿಯ ಮೇಲೆ, ಒಂಟಿಯಾಗಿ ಬಾಳುವ ವಿಧವೆಯ ಮೇಲೆ.

ಮೋಡಿ ಎಂಬ ಪದದ ಭಾಗ್ಯ ಬೇರೆ. ಗಾರುಡಿಗರ ಆ ಮಾತನ್ನು ಇಂದು ಸಂಗೀತ ಕಚೇರಿಯ ವರದಿಗಾರರು ಧಾರಾಳವಾಗಿ ಬಳಸುತ್ತಾರೆ. ಗಾಯಕಿ ಮೋಡಿ ಮಾಡಿದರೆಂದರೆ ಅದು ಹೊಗಳಿಕೆ.

ಮೌಢ್ಯನಿಷೇಧ ಕಾಯ್ದೆಯೆಂದು ಹೆಸರಾದ 2017ರ ಶಾಸನ 2020ರ ಜನವರಿಯಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದಿತು. ಅದರಿಂದಾಗಿ ಪತ್ರಿಕೆಗಳಲ್ಲಿ ವಾಮಾಚಾರ ಎಂಬ ಪದ ಇನ್ನಷ್ಟು ಬೇರೂರಿತು. ತಂತ್ರಶಾಸ್ತ್ರದ ಒಂದು ಸಾಧನಾಮಾರ್ಗದ ಹೆಸರನ್ನು ಹೀಗೆ ಎಲ್ಲಕ್ಕೂ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಅದಿರಲಿ, ಓಣಿಯ ಮಾತಿಗೆ ಆ ಪದ ಇನ್ನೂ ಇಳಿದಿಲ್ಲ. ಅಲ್ಲಿ ಕೇಳಿಬರುವುದು ಆ ಹಳೆಯ 'ಮಾಡಿಸಿದ್ದಾರೆ' ಎಂಬುದೇ.