ತೆಂಗಿನ ಬೇರು ಏಕೆ ದಪ್ಪವಾಗುವುದಿಲ್ಲ?



ಮಳೆ ಬಿದ್ದು ಮಣ್ಣು ಹದವಾಯಿತೆಂದರೆ ನಮ್ಮ ಬೆಳ್ಳಾವಿ ಕಡೆ ತೆಂಗಿನ ತೋಟಗಳಲ್ಲಿ ಉಳುಮೆ ಶುರುವಾಗುತ್ತದೆ. ಟ್ರ್ಯಾಕ್ಟರು ಮರದ ಬುಡಕ್ಕೇ ಒತ್ತಿಕೊಂಡು ಹೋದರೆ ಬೇರುಗಳು ಕಡಿದು ಮೇಲಕ್ಕೆ ಬೀಳುತ್ತವೆ. "ಇರ್ಲಿ ಬಿಡಿ ಸ್ವಾಮಿ, ಬೇರು ತಾನೆ, ಮತ್ತೆ ಬರ್ತದೆ" ಎನ್ನುವವರುಂಟು. ಈ ಮಾತು ಎಷ್ಟು ನಿಜ, ನೋಡೋಣ.

ಮೊದಲು ಅಡಿಗೆಮನೆಗೆ ಬನ್ನಿ. ಒಂದು ಕ್ಯಾರೆಟ್ಟನ್ನು ಅಡ್ಡಲಾಗಿ ಕೊಯ್ದು ನೋಡಿ. ನಡುವಿನ ತಿರುಳು ನೀರನ್ನು ಮೇಲಕ್ಕೆ ಒಯ್ಯುವ ಭಾಗ. ಅದರ ಸುತ್ತ ಇರುವ ಬಳೆ, ಎಲೆಯಲ್ಲಿ ತಯಾರಾದ ಆಹಾರ ಕೆಳಕ್ಕಿಳಿಯುವ ಭಾಗ. ಇವೆರಡರ ನಡುವೆ ಒಂದು ತೆಳು ಪದರವಿದೆ. ಅದಕ್ಕೆ ಕೇಂಬಿಯಂ ಎಂದು ಹೆಸರು. ಅದು ಒಳಕ್ಕೂ ಹೊರಕ್ಕೂ ಹೊಸ ಪದರ ಕಟ್ಟುತ್ತಾ ಹೋಗುವುದರಿಂದ ಬೇರು ದಪ್ಪವಾಗುತ್ತದೆ. ಮಾವು, ಹುಣಿಸೆ, ಹಲಸಿನ ಬೇರಿನಲ್ಲೂ ಈ ಪದರವುಂಟು. ದಾರದಷ್ಟಿದ್ದ ಬೇರು ತೊಡೆ ಗಾತ್ರವಾಗುವುದು ಇದರಿಂದಲೇ.

ತೆಂಗಿನ ಬೇರಿನಲ್ಲಿ ಈ ಪದರ ಇಲ್ಲ. ಅಡಿಕೆ, ರಾಗಿ, ಜೋಳಕ್ಕೂ ಇಲ್ಲ. ತೆಂಗಿಗೆ ತಾಯಿಬೇರೂ ಇಲ್ಲ. ಬುಡದ ಗಡ್ಡೆಯಿಂದ ಬೆರಳು ಗಾತ್ರದ ಸಾವಿರಾರು ಬೇರು ಹೊರಟು, ಕೊನೆಯವರೆಗೂ ಅದೇ ಗಾತ್ರದಲ್ಲಿರುತ್ತವೆ. ನೀರು ಕುಡಿಯುವುದು ತುದಿಯ ಹತ್ತಿರದ ಎಳೆಯ ಭಾಗ.

ಹಾಗಾದರೆ ಕಡಿದ ಬೇರು ಮತ್ತೆ ಬರುವುದಿಲ್ಲವೆ? ಬರುತ್ತದೆ. ಕಡಿದ ಕಡೆ ಕವಲೊಡೆಯಬಹುದು, ಗಡ್ಡೆಯಿಂದ ಹೊಸದೂ ಹೊರಡುತ್ತದೆ. ಆದರೆ ಉಳಿದ ಬೇರು ದಪ್ಪವಾಗಿ ಹೋದದ್ದರ ಕೆಲಸವನ್ನು ಹೊರುವುದಿಲ್ಲ. ಹೊಸ ಬೇರು ದೂರ ಹರಡುವ ತನಕ ಮರ ಬಾಯಾರುತ್ತದೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಸುಮಾರು 12 ತಿಂಗಳು ಬೇಕು. ಆದ್ದರಿಂದ ಈ ವರ್ಷ ಬೇರಿಗೆ ಬಿದ್ದ ಪೆಟ್ಟು ಮುಂದಿನ ವರ್ಷದ ಕೊಯ್ಲಿನಲ್ಲಿ ಕಾಣಿಸುತ್ತದೆ. ಆಗ ನಾವು ಮಳೆಯನ್ನು ದೂರುತ್ತೇವೆ!

ಇಷ್ಟು ಮಾಡಿ. ಬುಡದಿಂದ 6 ಅಡಿ ಬಿಟ್ಟು, ಸಾಲುಗಳ ನಡುವೆ ಮಾತ್ರ ಉಳಿರಿ. ಅಲ್ಲೂ ಆಳ ಬೇಡ. ಆ 6 ಅಡಿಯೊಳಗೆ ಪಾತಿ ಮಾಡಿ ಗುದ್ದಲಿಯಿಂದ ಮೇಲುಮೇಲೆ ಕೆದಕಿ. ಮುಂಗಾರಿನಲ್ಲಿ ಮರಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರವನ್ನು ಬುಡಕ್ಕೆ ಅಂಟದಂತೆ ಪಾತಿಯಲ್ಲಿ ಹರಡಿ. ಬೇಸಿಗೆಗೆ ಗರಿ, ಮಟ್ಟೆ ಮುಚ್ಚಿ. ಮಣ್ಣು ಕೊಚ್ಚಿಹೋಗಿ ಗಡ್ಡೆ ಕಾಣುತ್ತಿದ್ದರೆ ಮಣ್ಣೇರಿಸಿ. ಹೊಸ ಬೇರಿಗೆ ಆಸರೆಯಾಗುತ್ತದೆ.

ಮುಂದಿನ ಸಲ ಟ್ರ್ಯಾಕ್ಟರು ತೋಟಕ್ಕೆ ಬಂದಾಗ, ಚಾಲಕನಿಗೆ ಈ 6 ಅಡಿಯ ಗೆರೆಯನ್ನು ನೀವೇ ನಿಂತು ತೋರಿಸಿ.