ಜೌಗು ನೆಲದ ವರ್ಗೀಕರಣ: ವಿಸ್ತೀರ್ಣವೊಂದೇ ಅಳತೆಗೋಲಲ್ಲ



ನೀರು ನಿಲ್ಲುವ ನೆಲಕ್ಕೆ ಮಲೆನಾಡು ಮತ್ತು ಕರಾವಳಿಯ ರೈತರು ಹಲವು ಹೆಸರುಗಳನ್ನಿಟ್ಟಿದ್ದಾರೆ. ಕಾಡಿನ ಹಳ್ಳದ ಬದಿಯಲ್ಲಿದ್ದರೆ ಜಡ್ಡಿ, ಹುಲ್ಲು ಬೆಳೆದ ತೇವದ ನೆಲವಾದರೆ ಹಡ್ಲು, ಉಪ್ಪುನೀರು ಹೊಕ್ಕು ಹೋಗುವ ಗದ್ದೆಯಾದರೆ ಗಜನಿ. ಇದೂ ಒಂದು ವರ್ಗೀಕರಣವೇ. ಆದರೆ ಪಹಣಿಯಲ್ಲಿರುವುದು ಖುಷ್ಕಿ, ತರಿ, ಬಾಗಾಯ್ತು ಎಂಬ ವಿಂಗಡಣೆ. ಅದು ಕಂದಾಯಕ್ಕಾಗಿ ಹುಟ್ಟಿದ್ದು. ಜಡ್ಡಿಗೆ ಅಲ್ಲಿ ಸ್ಥಾನವಿಲ್ಲ. ಹೆಸರಿಲ್ಲದ ನೆಲವು ಯೋಜನೆ ರೂಪಿಸುವವರ ಕಣ್ಣಿಗೆ ಪಾಳುಭೂಮಿಯಾಗಿ ಕಾಣುತ್ತದೆ.

1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಅಂಗೀಕೃತವಾದ ಒಪ್ಪಂದವು ಜೌಗು ಪ್ರದೇಶಗಳನ್ನು ಕರಾವಳಿಯವು, ಒಳನಾಡಿನವು, ಮಾನವನಿರ್ಮಿತವಾದವು ಎಂದು ಮೂರು ಗುಂಪುಗಳಲ್ಲಿ ವಿಂಗಡಿಸುತ್ತದೆ. ಅದರ ಪ್ರಕಾರ ಭತ್ತದ ಗದ್ದೆಯೂ ಜೌಗು ಪ್ರದೇಶವೇ. ಭಾರತದ 2017ರ ನಿಯಮಗಳಾದರೋ ಭತ್ತದ ಗದ್ದೆಗಳನ್ನೂ, ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನೂ ಹೊರಗಿಟ್ಟಿವೆ. ವ್ಯಾಖ್ಯೆ ಬದಲಾದರೆ ರಕ್ಷಣೆಯೂ ಬದಲಾಗುತ್ತದೆ.

ಎರಡನೆಯ ತೊಡಕು ಗಾತ್ರದ್ದು. 2011ರ ರಾಷ್ಟ್ರೀಯ ಜೌಗು ಪ್ರದೇಶಗಳ ನಕಾಶೆಯು ದೇಶದಲ್ಲಿ 7,57,060 ಜೌಗುಗಳನ್ನು ಗುರುತಿಸಿತು. ಇವುಗಳಲ್ಲಿ 5,55,557 ಜೌಗುಗಳು 2.25 ಹೆಕ್ಟೇರಿಗಿಂತ ಚಿಕ್ಕವು. ನಕಾಶೆಯಲ್ಲಿ ಅವು ಬರೀ ಚುಕ್ಕೆಗಳು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಕ್ಷಣೆಗೆ ಆದೇಶಿಸಿದ್ದು ಉಳಿದ 2,01,503 ದೊಡ್ಡ ಜೌಗುಗಳಿಗೆ. ದಟ್ಟ ಮರಗಳ ನೆರಳಿನಲ್ಲಿರುವ ಜಡ್ಡಿಯಂತೂ ಉಪಗ್ರಹದ ಚಿತ್ರದಲ್ಲಿ ಚುಕ್ಕೆಯಾಗಿ ಕಾಣುವುದೂ ಕಷ್ಟ.

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳನ್ನು ನೋಡಿ. ಸದಾ ನೀರಿರುವ ಕೆಸರಿನಲ್ಲಿ ಬೇರಿಗೆ ಗಾಳಿ ಸಿಗದು. ಆದ್ದರಿಂದ ಇಲ್ಲಿನ ಮರಗಳು ಮಂಡಿಯಂತೆ ಬಾಗಿದ ಬೇರುಗಳನ್ನು ಮೇಲೆತ್ತಿ ಉಸಿರಾಡುತ್ತವೆ. ಅವುಗಳ ಬೀಜ ಒಣಗಿದರೆ ಮೊಳೆಯದು. ನೀರು ಬಸಿದುಹೋದ ನೆಲದಲ್ಲಿ ಮುಂದಿನ ಪೀಳಿಗೆಯ ಮರವಿಲ್ಲ. ಗೇರಿನ ಕುಟುಂಬಕ್ಕೆ ಸೇರಿದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಅತಿ ವಿರಳ ಮರವು ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ, ಇಂಥ ಜಡ್ಡಿಯಿಂದಲೇ. 2011ರಲ್ಲಿ ಘೋಷಿತವಾದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶದಿಂದ ಕತ್ತಲೆಕಾನಿಗೆ ಆಸರೆ ದೊರೆಯಿತು. ಹೊರಗುಳಿದ ಜಡ್ಡಿಗಳ ಗತಿಯೇನು? ಇಂದಿನ ಎಷ್ಟೋ ಅಡಿಕೆ ತೋಟಗಳು ಹಿಂದೊಮ್ಮೆ ಇಂತಹ ಕಣಿವೆಗಳೇ ಆಗಿದ್ದವೆಂಬುದನ್ನು ಮರೆಮಾಚಬೇಕಿಲ್ಲ. ಆದರೆ ಮೇಲಿನ ಜಡ್ಡಿಗೆ ಬಸಿಗಾಲುವೆ ತೋಡಿದರೆ, ಬೇಸಿಗೆಯಲ್ಲಿ ಕೆಳಗಿನ ತೋಟಕ್ಕೆ ನೀರುಣಿಸುವ ಹಳ್ಳವೇ ಸೊರಗುತ್ತದೆ.

ಹಾಗಾದರೆ ದರ್ಜೆ ನೀಡುವುದು ಹೇಗೆ? ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನೀರನ್ನು ಶುದ್ಧಗೊಳಿಸುವುದು, ನೆರೆಯನ್ನು ತಡೆಯುವುದು, ಜೀವಿಗಳಿಗೆ ನೆಲೆ ನೀಡುವುದು ಎಂಬ ಮೂರು ಕೆಲಸಗಳಿಗೆ ಅಂಕ ಕೊಟ್ಟು ಜೌಗುಗಳನ್ನು ನಾಲ್ಕು ದರ್ಜೆಗಳಲ್ಲಿ ಇರಿಸುತ್ತಾರೆ. ಮತ್ತೆ ನಿರ್ಮಿಸಲಾಗದ ಕೆಲವು ಬಗೆಯ ಜೌಗುಗಳಿಗೆ ಅಂಕ ಕಡಿಮೆ ಬಂದರೂ ಮೊದಲ ದರ್ಜೆಯೇ. ಈ ತತ್ತ್ವ ಮಲೆನಾಡಿಗೂ ಒಪ್ಪುತ್ತದೆ.

ಪ್ರತಿ ಜೌಗಿನ ಬಳಿ ನಿಂತು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಏಪ್ರಿಲ್‌ನಲ್ಲಿ ಇಲ್ಲಿ ನೀರಿದೆಯೇ? ಈ ನೀರನ್ನು ನಂಬಿರುವ ಮನೆ, ತೋಟ, ಗದ್ದೆಗಳು ಎಷ್ಟು? ಬೇರೆಡೆ ಕಾಣದ ಗಿಡಮರ, ಮೀನು, ಕಪ್ಪೆಗಳಿವೆಯೇ? ಒಮ್ಮೆ ಕೆಡಿಸಿದರೆ ಮತ್ತೆ ಮಾಡಲಾದೀತೇ? ಮರಳಿ ಮಾಡಲಾಗದ್ದು ಮೊದಲ ದರ್ಜೆ, ಅದನ್ನು ಮುಟ್ಟಬಾರದು. ನೀರನ್ನು ಬಸಿಯದೆ ಹುಲ್ಲು, ಸೊಪ್ಪು, ಮೀನುಗಳನ್ನು ಹಿತಮಿತವಾಗಿ ಬಳಸಬಹುದಾದದ್ದು ಎರಡನೆಯದು. ಈಗಾಗಲೇ ಕೃಷಿಯಲ್ಲಿರುವುದು ಮೂರನೆಯದು. ಅಲ್ಲಿ ನೀರಿನ ದಾರಿಯನ್ನು ಮುಚ್ಚದಂತೆ, ಮಣ್ಣು ತುಂಬದಂತೆ ನೋಡಿಕೊಂಡರೆ ಸಾಕು.

2002ರ ಜೀವವೈವಿಧ್ಯ ಕಾಯಿದೆಯಂತೆ ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಸಮಿತಿಯೂ ಜೀವವೈವಿಧ್ಯ ದಾಖಲಾತಿಯೂ ಇರಬೇಕು. ಆ ಪುಸ್ತಕದಲ್ಲಿ ಊರಿನ ಪ್ರತಿ ಜಡ್ಡಿ, ಹಡ್ಲುಗಳ ಹೆಸರು, ಸರ್ವೆ ನಂಬರು, ದರ್ಜೆ ದಾಖಲಾಗಲಿ. ಹಿರಿಯರು ಹೆಸರು ಹೇಳಲಿ, ವಿದ್ಯಾರ್ಥಿಗಳು ಅಳೆದು ಬರೆಯಲಿ. ರಸ್ತೆಯೋ ಬಡಾವಣೆಯೋ ಬರುವ ದಿನ, ಇಲ್ಲಿ ಏನೂ ಇಲ್ಲ ಎಂಬ ಮಾತಿಗೆ ಆ ಪುಟವೇ ಉತ್ತರವಾಗಬೇಕು.