ಮನೆಯ ಕಂಪ್ಯೂಟರಿಗೊಂದು ಅಟ್ಟ

ನಮ್ಮ ಹಿರಿಯರಿಗೆ ಅಟ್ಟವಿಲ್ಲದ ಮನೆ ಮನೆಯೇ ಅಲ್ಲ. ಹಪ್ಪಳದ ಡಬ್ಬ, ಹಳೆಯ ತೊಟ್ಟಿಲು, ಮದುವೆಯಲ್ಲಿ ಬಂದ ತಾಮ್ರದ ಹಂಡೆ, ಯಾರೂ ತಿರುವಿ ನೋಡದ ಪಂಚಾಂಗಗಳು, ಎಲ್ಲವೂ ಅಲ್ಲಿಗೇ ಏರುತ್ತಿದ್ದುವು. ಈಗ ನಮ್ಮ ಮನೆಗಳಲ್ಲಿ ಇನ್ನೊಂದು ಬಗೆಯ ಸಾಮಾನು ಸೇರಿಕೊಂಡಿದೆ. ಮಗಳ ನಾಮಕರಣದ ಫೋಟೋ, ಮಗನ ಅಂಕಪಟ್ಟಿ, ಮನೆಯ ಕ್ರಯಪತ್ರದ ಪ್ರತಿ, ಅಜ್ಜಿ ಆಡಿದ ಮಾತು. ಇವೆಲ್ಲ ಇರುವುದು ಮೇಜಿನ ಮೇಲಿನ ಕಂಪ್ಯೂಟರಿನೊಳಗೆ. ಒಂದು ದಿನ ಆ ಯಂತ್ರವು ತನ್ನಲ್ಲಿ ಇನ್ನು ಜಾಗವಿಲ್ಲವೆಂದು ಕೆಂಪು ಗೆರೆ ತೋರಿಸುತ್ತದೆ. ಆಗೇನು ಮಾಡಬೇಕೆಂಬ ವಿಚಾರವಾಗಿ ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ಅಂಗಡಿಗೆ ಹೊರಡುವ ಮುಂಚೆ ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ‘ಮೆಮೊರಿ ಸಾಲದು, ಹೆಚ್ಚಿಸಿಕೊಡಿ’ ಎಂದು ಕೇಳಿದರೆ ಅಂಗಡಿಯವರು ರ್‍ಯಾಮ್ ಎಂಬ ಸಣ್ಣ ಪಟ್ಟಿಯನ್ನು ಕೊಟ್ಟು ಕಳಿಸಬಹುದು. ಅದು ಅಡುಗೆಮನೆಯ ಕಟ್ಟೆ. ಕೆಲಸ ನಡೆಯುವಾಗ ಮಾತ್ರ ಸಾಮಾನು ಅದರ ಮೇಲಿರುತ್ತದೆ, ಯಂತ್ರ ಆರಿಸಿದೊಡನೆ ಎಲ್ಲ ಖಾಲಿ. ಕಂಪ್ಯೂಟರು ನಿಧಾನವಾಗಿದೆ ಎನ್ನುವವರಿಗೆ ಅದು ಬೇಕಾದೀತು. ಫೋಟೋ ಇಡಲು ಸ್ಥಳವಿಲ್ಲ ಎನ್ನುವವರಿಗೆ ಬೇಕಾದ್ದು ಡಿಸ್ಕು. ಇನ್ನೊಂದು ಮಾತು. ದುಡ್ಡು ಬಿಚ್ಚುವ ಮೊದಲು ಕಸ ಗುಡಿಸಿ ನೋಡಿ. ರೀಸೈಕಲ್ ಬಿನ್ನಿನಲ್ಲಿ ಬಿದ್ದಿರುವುದು, ಡೌನ್‌ಲೋಡ್ಸ್ ಕಡತಕೋಶದಲ್ಲಿ ಮರೆತದ್ದು, ನೆಂಟರು ದಿನವೂ ಕಳಿಸುವ ಶುಭೋದಯದ ವಿಡಿಯೋಗಳು, ಇಷ್ಟನ್ನು ತೆಗೆದರೇ ಎಷ್ಟೋ ಮನೆಗಳಲ್ಲಿ ಆರು ತಿಂಗಳ ಜಾಗ ದೊರಕೀತು.

ಅಷ್ಟಾಗಿಯೂ ಸಾಲದಿದ್ದರೆ ಡಿಸ್ಕು ಕೊಳ್ಳಲೇಬೇಕು. ಈ ವಸ್ತು ನಡೆದುಬಂದ ದಾರಿ ಸೋಜಿಗದ್ದು. 1956ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪೆನಿ ಮೊಟ್ಟಮೊದಲ ಡಿಸ್ಕು ಉಗ್ರಾಣವನ್ನು ಹೊರತಂದಿತು. ಅದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದುವು. ತೂಕ ಒಂದು ಟನ್ನಿನಷ್ಟು. ಅಷ್ಟು ದೊಡ್ಡ ಯಂತ್ರ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಇಂದಿನ ಫೋನು ತೆಗೆದ ಚಿತ್ರಗಳಲ್ಲಿ ಒಂದೋ ಎರಡೋ ಹಿಡಿಸಿದರೆ ಅದು ತುಂಬಿಹೋಗುತ್ತಿತ್ತು. ಈಗ ಅಂಗೈಯಷ್ಟಗಲದ ಒಂದು ಟೆರಾಬೈಟ್ ಡಿಸ್ಕಿನಲ್ಲಿ, ಚಿತ್ರವೊಂದಕ್ಕೆ ನಾಲ್ಕು ಮೆಗಾಬೈಟಿನಂತೆ ಲೆಕ್ಕ ಹಿಡಿದರೂ, ಎರಡೂವರೆ ಲಕ್ಷ ಚಿತ್ರಗಳನ್ನಿಡಬಹುದು.

ಆದರೆ ಹಾರ್ಡ್ ಡಿಸ್ಕಿನ ಒಳಗಿನ ಸಂಸಾರ ಮಾತ್ರ ಹೆಚ್ಚು ಬದಲಾಗಿಲ್ಲ. ಕಾಂತಗುಣದ ಲೇಪವಿರುವ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ ಬರೆಯುವ ತಲೆಯೊಂದು ಕೂದಲೆಳೆಗಿಂತ ಎಷ್ಟೋ ಪಾಲು ಕಡಮೆ ಅಂತರದಲ್ಲಿ ಅದರ ಮೇಲೆ ತೇಲುತ್ತಿರುತ್ತದೆ. ಆ ತಲೆ ತಟ್ಟೆಗೆ ತಗುಲಿದರೆ ಆ ಜಾಗದ ಬರೆಹ ಅಳಿಸಿಹೋದಂತೆಯೇ. ಎಸ್.ಎಸ್.ಡಿ. ಎನ್ನುವುದು ಬೇರೆ ಜಾತಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಚಿಪ್ಪುಗಳೊಳಗೆ ವಿದ್ಯುತ್ತಿನ ಕಣಗಳನ್ನು ಕೂಡಿಟ್ಟು ನೆನಪಿಡುತ್ತದೆ. ಬಲು ವೇಗ, ಅಲುಗಾಟಕ್ಕೆ ಅಂಜದು. ಬೆಲೆ ಹೆಚ್ಚು. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಕೂಡಿಟ್ಟದ್ದು ಸೋರಿಹೋಗುವ ಭಯವೂ ಉಂಟು. ಆದ್ದರಿಂದ ದಿನದ ಕೆಲಸಕ್ಕೆ ಎಸ್.ಎಸ್.ಡಿ., ಕೂಡಿಡುವುದಕ್ಕೆ ಹಾರ್ಡ್ ಡಿಸ್ಕು, ಎಂಬುದು ನನ್ನ ಪಕ್ಷ.

ಇನ್ನು ಜೋಡಿಸುವ ವಿಚಾರ. ನಿಮ್ಮದು ದೊಡ್ಡ ಡಬ್ಬದ ಕಂಪ್ಯೂಟರಾದರೆ ಎರಡನೆಯ ಡಿಸ್ಕಿಗೆ ಒಳಗೇ ಗೂಡು ಇರುತ್ತದೆ. ಯಂತ್ರವನ್ನು ಆರಿಸಿ, ಗೋಡೆಯಿಂದ ವಯರು ಕಿತ್ತು, ಪಕ್ಕದ ತಗಡು ಬಿಚ್ಚಿ. ಕೈಯಿಟ್ಟೊಡನೆ ಮೊದಲು ಡಬ್ಬದ ಬಣ್ಣವಿಲ್ಲದ ಲೋಹವನ್ನು ಮುಟ್ಟಿ. ಮೈಯಲ್ಲಿ ಕೂಡಿರುವ ವಿದ್ಯುತ್ತು ಇಳಿದುಹೋಗಲಿ, ಅದರ ಒಂದು ಕಿಡಿ ಚಿಪ್ಪನ್ನು ಸುಡಬಲ್ಲುದು. ಡಿಸ್ಕನ್ನು ಗೂಡಿನಲ್ಲಿ ಸರಿಸಿ ತಿರುಪು ಬಿಗಿಯಿರಿ. ಎರಡು ಕೇಬಲ್ಲುಗಳುಂಟು: ಕಿರಿದಾದದ್ದು ಮದರ್ ಬೋರ್ಡಿಗೆ ಹೋಗುವ ಸಾಟಾ ಕೇಬಲ್ಲು, ಅಗಲವಾದದ್ದು ವಿದ್ಯುತ್ತಿನದು. ಎರಡರ ತುದಿಯೂ ಒಂದೇ ದಿಕ್ಕಿನಲ್ಲಿ ಮಾತ್ರ ಕೂರುವಂತೆ ಮಾಡಿದ್ದಾರೆ. ಕೂರದಿದ್ದರೆ ತಿರುಗಿಸಿ ನೋಡಬೇಕೇ ಹೊರತು ಒತ್ತಬಾರದು.

ಈಚಿನ ಯಂತ್ರಗಳಲ್ಲಿ ಎಂ.2 ಎಂಬ ಸಣ್ಣ ಸಂದೂ ಇರುತ್ತದೆ. ಚೂಯಿಂಗ್ ಗಮ್ಮಿನ ಪಟ್ಟಿಯಂಥ ಎಸ್.ಎಸ್.ಡಿ. ಅದರಲ್ಲಿ ಓರೆಯಾಗಿ ಹೊಕ್ಕು, ಒಂದೇ ತಿರುಪಿನಿಂದ ನಿಲ್ಲುತ್ತದೆ. ಇಲ್ಲೇ ಜನ ಎಡವುವುದು. ಸಾಟಾ ಜಾತಿಯದು, ಎನ್.ವಿ.ಎಂ.ಇ. ಜಾತಿಯದು, ಎರಡೂ ಒಂದೇ ರೂಪಿನವು. ಸಂದು ಕೆಲವೊಮ್ಮೆ ಒಂದನ್ನು ಮಾತ್ರ ಒಪ್ಪುತ್ತದೆ. ಮದರ್ ಬೋರ್ಡಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಿದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಹುಡುಗರು ತಟ್ಟನೆ ಹೇಳುತ್ತಾರೆ. ಲ್ಯಾಪ್‌ಟಾಪಿನಲ್ಲಿ ಎರಡನೆಯದಕ್ಕೆ ಎಡೆಯಿಲ್ಲದಿದ್ದರೆ ಹಳೆಯದರ ಪಡಿಯಚ್ಚನ್ನು ದೊಡ್ಡ ಡಿಸ್ಕಿಗಿಳಿಸಿ ಅದನ್ನೇ ಒಳಗೆ ಹಾಕಬೇಕಾಗುತ್ತದೆ. ಇದನ್ನು ಬಲ್ಲವರಿಂದ ಮಾಡಿಸುವುದು ಮೇಲು.

ಜೋಡಿಸಿ ಯಂತ್ರ ಹಾಕಿದರೆ ಹೊಸ ಡಿಸ್ಕು ಕಾಣಿಸುವುದೇ ಇಲ್ಲ! ಕೆಟ್ಟ ಮಾಲೆಂದು ಅಂಗಡಿಗೆ ಹಿಂದಿರುಗಿಸಿದವರನ್ನು ನಾನು ಕಂಡಿದ್ದೇನೆ. ಅದು ಕೆಟ್ಟಿಲ್ಲ, ಗೆರೆ ಹಾಕದ ಹೊಸ ಲೆಕ್ಕದ ಪುಸ್ತಕ ಅದು. ವಿಂಡೋಸಿನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬುದನ್ನು ತೆರೆದು, ಜಿ.ಪಿ.ಟಿ. ಎಂದು ಆರಿಸಿ, ಭಾಗ ಮಾಡಿ, ಹೆಸರಿಡಬೇಕು. ಹಳೆಯ ಎಂ.ಬಿ.ಆರ್. ಪದ್ಧತಿಯಲ್ಲಿ ಎರಡು ಟೆರಾಬೈಟಿನಿಂದಾಚೆಗಿನ ಜಾಗ ಕೆಲಸಕ್ಕೆ ಬಾರದು. ಹೊಸ ಡಿಸ್ಕು ಯಾವುದು, ಹಳೆಯದು ಯಾವುದು ಎಂಬುದನ್ನು ಅಳತೆ ನೋಡಿ ಎರಡು ಸಲ ಖಚಿತಪಡಿಸಿಕೊಳ್ಳಿ. ತಪ್ಪಿ ಹಳೆಯದನ್ನು ಫಾರ್ಮ್ಯಾಟ್ ಮಾಡಿದಿರಾದರೆ ನಾಮಕರಣದ ಫೋಟೋ ಹೋದಂತೆ.

ಒಂದು ಟೆರಾಬೈಟಿಗೆ ಹಣ ಕೊಟ್ಟರೆ ಕಂಪ್ಯೂಟರು 931 ಗಿಗಾಬೈಟ್ ಎನ್ನುತ್ತದೆ. ಇದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ. ಹಿಂದೆ ಒಂದು ಊರಿನ ಸೇರಿಗೂ ಇನ್ನೊಂದು ಊರಿನ ಸೇರಿಗೂ ಇದ್ದ ಜಗಳವೇ ಇದು. ಅಗ್ಗದ ಬೆಲೆಗೆ ಎರಡು ಟೆರಾಬೈಟೆಂದು ಮಾರುವ ಪೆನ್ ಡ್ರೈವುಗಳು ಮಾತ್ರ ನಿಜವಾದ ಮೋಸ. ತುಂಬುತ್ತ ಹೋದ ಹಾಗೆ ಹೊಸದು ಹಳೆಯದರ ಮೇಲೆಯೇ ಕೂತುಬಿಡುತ್ತದೆ. ತೆರೆದು ನೋಡುವವರೆಗೆ ಗೊತ್ತಾಗುವುದಿಲ್ಲ.

ಡಬ್ಬ ಬಿಚ್ಚುವ ಧೈರ್ಯವಿಲ್ಲದವರಿಗೆ ಯು.ಎಸ್.ಬಿ. ವಯರಿನಿಂದ ಹೊರಗೇ ಜೋಡಿಸುವ ಡಿಸ್ಕುಂಟು. ಎಲ್ಲಕ್ಕಿಂತ ಸುಲಭ. ನಾನು ಕೊಂಡದ್ದೂ ಅದನ್ನೇ. ಅದರ ಕಥೆಯನ್ನು ಹೇಳಿಬಿಡುತ್ತೇನೆ.

ನಮ್ಮ ತಾಯಿಗೆ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು ಎಷ್ಟೋ ಬರುತ್ತಿದ್ದುವು. ಒಂದು ಬೇಸಗೆಯಲ್ಲಿ ಅಡುಗೆಮನೆಯಲ್ಲೇ ಕೂತು ನಲವತ್ತೊಂದು ಹಾಡುಗಳನ್ನು ಫೋನಿನಲ್ಲಿ ಹಿಡಿದುಕೊಂಡೆ. ಫೋನು ತುಂಬಿತು, ಕಂಪ್ಯೂಟರಿಗೆ ಹಾಕಿದೆ. ಕಂಪ್ಯೂಟರೂ ತುಂಬಿತು, ಹೊಸ ಡಿಸ್ಕು ತಂದು ಎಲ್ಲವನ್ನೂ ಅದಕ್ಕೆ ಸಾಗಿಸಿದೆ. ಪ್ರತಿ ತೆಗೆಯಲಿಲ್ಲ, ಸಾಗಿಸಿದೆ. ಜಾಗ ಮಾಡುವುದೇ ಉದ್ದೇಶವಲ್ಲವೆ? ಮರುವರ್ಷ ತಾಯಿ ತೀರಿಕೊಂಡರು. ವರ್ಷಾಂತಿಕಕ್ಕೆ ನೆಂಟರೆಲ್ಲ ಸೇರಿದಾಗ ಹಾಡು ಕೇಳಿಸೋಣವೆಂದು ಡಿಸ್ಕು ಹಚ್ಚಿದೆ. ಓಡಾಡುವ ಮಕ್ಕಳಲ್ಲಿ ಯಾರದೋ ಕಾಲಿಗೆ ವಯರು ಸಿಕ್ಕಿ, ತಿರುಗುತ್ತಿದ್ದ ಡಿಸ್ಕು ಮೇಜಿನಿಂದ ನೆಲಕ್ಕೆ ಬಿತ್ತು. ಎತ್ತಿ ಹಚ್ಚಿದರೆ ಟಕ್ ಟಕ್ ಎಂಬ ಸದ್ದು ಮಾತ್ರ. ರಿಪೇರಿಯವರು ಬಿಚ್ಚಿ ನೋಡಿ, ತಟ್ಟೆಯ ಮೈ ಕೆರೆದುಹೋಗಿದೆ ಎಂದರು. ಮಕ್ಕಳನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಇದ್ದ ಒಂದೇ ಪ್ರತಿಯನ್ನು ಮೇಜಿನ ಅಂಚಿಗಿಟ್ಟವನು ನಾನು.

ಶಿವಮೊಗ್ಗದ ತಂಗಿಗೆ ಅವಳು ಕೇಳಿದಳೆಂದು ಆಗೀಗ ಕಳಿಸಿದ್ದ ಹದಿನೇಳು ಹಾಡುಗಳು ಅವಳ ಫೋನಿನಲ್ಲಿ ಉಳಿದಿದ್ದುವು. ಉಳಿದ ಇಪ್ಪತ್ತನಾಲ್ಕು ಇನ್ನಿಲ್ಲ.

ಆದ್ದರಿಂದ ನಾಲ್ಕು ಟೆರಾಬೈಟಿನ ಒಂದು ಡಿಸ್ಕು ಕೊಳ್ಳಬೇಕೆಂದಿರುವವರಿಗೆ ಎರಡು ಟೆರಾಬೈಟಿನ ಎರಡನ್ನು ಕೊಳ್ಳಿ ಎನ್ನುತ್ತೇನೆ. ಖರ್ಚು ಸ್ವಲ್ಪ ಹೆಚ್ಚು ಬೀಳಬಹುದು. ಎರಡಕ್ಕೂ ಒಂದೇ ಸಾಮಾನು ತುಂಬಿ. ಎರಡರಲ್ಲೂ ತೆರೆದು ನೋಡಿದ ಮೇಲೆಯೇ ಕಂಪ್ಯೂಟರಿನಲ್ಲಿರುವುದನ್ನು ಅಳಿಸಿ. ಒಂದನ್ನು ಬೇರೆ ಮನೆಯಲ್ಲಿಡಿ. ಕಳ್ಳತನ, ಮಳೆನೀರು, ಬೆಂಕಿ ಬಂದರೆ ಒಂದೇ ಮನೆಯ ಎರಡು ಡಿಸ್ಕೂ ಒಟ್ಟಿಗೆ ಹೋಗುತ್ತವೆ. ತಿಂಗಳ ಬಾಡಿಗೆ ಕೊಟ್ಟು ಇಂಟರ್ನೆಟ್ಟಿನ ಮೂಲಕ ಕಂಪೆನಿಗಳ ಉಗ್ರಾಣದಲ್ಲಿಡುವ ಅನುಕೂಲವೂ ಇದೆ. ಎರಡನೆಯ ಪ್ರತಿಗೆ ಅದೂ ಆದೀತು, ಬಾಡಿಗೆ ತಪ್ಪದಿದ್ದರೆ.

ನಮ್ಮದೊಂದು ಈಗ ತಂಗಿಯ ಮನೆಯಲ್ಲಿದೆ, ಇನ್ನೊಂದು ನನ್ನ ಬೀರುವಿನಲ್ಲಿ, ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ. ದೀಪಾವಳಿಗೆ ಅವಳು ಬಂದಾಗ ಅವನ್ನು ಅದಲುಬದಲು ಮಾಡಿಕೊಳ್ಳುತ್ತೇವೆ. ಕೊಡುವ ಮುನ್ನ ಎರಡನ್ನೂ ಹಚ್ಚಿ ಹದಿನೇಳು ಹಾಡುಗಳನ್ನೂ ಒಂದೊಂದಾಗಿ ಕೇಳುತ್ತೇವೆ. ಒಂಬತ್ತನೆಯದರ ನಡುವೆ ಕುಕ್ಕರು ಕೂಗುತ್ತದೆ. ತಾಯಿ ಹಾಡು ನಿಲ್ಲಿಸಿ, ಒಲೆ ಸಣ್ಣ ಮಾಡೆಂದು ಯಾರಿಗೋ ಹೇಳಿ, ಬಿಟ್ಟ ಸಾಲಿನಿಂದಲೇ ಮತ್ತೆ ಎತ್ತಿಕೊಳ್ಳುತ್ತಾರೆ.